ನಲವತ್ತೊಂದು ಸದ್ದು

ದಢ್!

ಗೋಡೆಯೊಳಗಿಂದ ಯಾರೋ ಸುತ್ತಿಗೆಯಲ್ಲಿ ಬಡಿದಂತಾಯಿತು. ಬಚ್ಚಲ ಗೂಡಿನಲ್ಲಿದ್ದ ಸೋಪಿನ ಡಬ್ಬಿ ಅಲುಗಿ ನೆಲಕ್ಕೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್ ಬೆಚ್ಚಿ ಚೌಕಟ್ಟು ಹಿಡಿದುಕೊಂಡಳು.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದೆದುರು ಕೂತಿದ್ದ ದೊಡ್ಡಕ್ಕ ಮಾತ್ರ ತಿರುಗಿಯೂ ನೋಡಲಿಲ್ಲ. ಎಂಟು ವರ್ಷದ ಹಿಂದೆ ಬಂದ ಜ್ವರವೊಂದು ಅವಳ ಎರಡೂ ಕಿವಿಗಳನ್ನು ಹೊತ್ತುಕೊಂಡು ಹೋಗಿತ್ತು.

"ಕೇಳಿಸ್ತಾ ಮೇಡಂ?" ಎಂದ ಪಾನಾ ಮಾಮ. ಕೊಳಾಯಿ ರಿಪೇರಿಯಲ್ಲಿ ಮೂವತ್ತು ವರ್ಷ ಸವೆಸಿದ ಅವನನ್ನು ಬೀದಿಯವರೆಲ್ಲ ಕೈಯಲ್ಲಿನ, ನಟ್ಟು ತಿರುಪುವ ಪಾನಾದ ಹೆಸರಿನಿಂದಲೇ ಕರೆಯುತ್ತಿದ್ದರು. "ಈ ನಲ್ಲಿ ನಿಲ್ಲಿಸಿದಾಗಲೆಲ್ಲ ಹೀಗೇ. ಅಡುಗೆಮನೇದು ತಿರುಪಿನ ನಲ್ಲಿ, ನಿಧಾನಕ್ಕೆ ಮುಚ್ಕೊಳ್ಳುತ್ತೆ, ಸದ್ದಿಲ್ಲ. ಇದು ಹಿಡಿಕೆ ನಲ್ಲಿ. ಚಟ್ ಅಂತ ಒತ್ತಿದ್ರೆ, ಓಡಿ ಬರ್ತಿರೋ ನೀರಿನ ಮುಖಕ್ಕೇ ಬಾಗಿಲು ಹಾಕಿದ ಹಾಗೆ. ನೀರು ಪೈಪನ್ನ ಒದೆಯುತ್ತೆ. ಪೈಪನ್ನ ಗೋಡೆಗೆ ಹಿಡಿದಿಡೋ ಕ್ಲಾಂಪು ಸಡಿಲ, ಅದು ಗೋಡೆನ ಒದೆಯುತ್ತೆ. ಗೋಡೆ ಕೆಳಗಿನ ಮನೆಯವರನ್ನ ಒದೆಯುತ್ತೆ."

"ಅಂದ್ರೆ ಈ ಸದ್ದು ಬಂತು ಅಂದ್ರೆ, ಯಾರೋ ಈ ನಲ್ಲಿನೇ ನಿಲ್ಲಿಸಿದ್ದಾರೆ ಅಂತ ಅರ್ಥ?"

"ಇದನ್ನೇ. ಬೇರೆ ಯಾವುದಕ್ಕೂ ಆ ತಾಕತ್ತಿಲ್ಲ."

ನಾಲ್ಕು ದಿನದ ಹಿಂದೆ ಇದೇ ನಲ್ಲಿಯ ಕೆಳಗೆ, ಇದೇ ನೆಲದ ಮೇಲೆ, ದೊಡ್ಡಕ್ಕನ ತಂಗಿ ಚಿಕ್ಕಕ್ಕ ಸತ್ತು ಬಿದ್ದಿದ್ದಳು. ಜಾರಿ ಬಿದ್ದು ಸಾವು ಎಂದು ಬರೆದು ಕಡತ ಮುಚ್ಚಿಬಿಡಿ ಎಂದಿದ್ದರು ಮೇಲಿನವರು. ಇನ್‌ಸ್ಪೆಕ್ಟರಿಗೆ ಮುಚ್ಚಲಾಗಿರಲಿಲ್ಲ. ಕಾರಣ ಒಂದೇ, ಸತ್ತವಳ ಬಲ ಅಂಗೈ.

ಅಂಗೈ ನಡುವೆ ಬೆರಳುದ್ದದ ಬೊಬ್ಬೆ ಎದ್ದು ಒಡೆದಿತ್ತು. ಜಾರಿ ಬಿದ್ದವರ ಸೊಂಟ ಮುರಿಯುತ್ತದೆ, ತಲೆಗೆ ಪೆಟ್ಟಾಗುತ್ತದೆ. ಅಂಗೈಯಲ್ಲಿ ಬೊಬ್ಬೆ ಏಳುವುದಿಲ್ಲ.

ಇನ್‌ಸ್ಪೆಕ್ಟರ್ ಒದ್ದೆ ನೆಲ ಎಂದೂ ನೋಡದೆ ಸಮವಸ್ತ್ರದಲ್ಲೇ ಕೆಳಗೆ ಕೂತಳು. ಹೆಣ ಇದ್ದ ಜಾಗದಲ್ಲಿ, ಹೆಣ ಇದ್ದ ಹಾಗೆ, ಗೋಡೆಗೆ ಬೆನ್ನು ತಾಗಿಸಿ ಒಂದು ಪಕ್ಕಕ್ಕೆ ವಾಲಿದಳು. ಬಾಗಿಲು ಕೈಗೆ ಎಟುಕಲಿಲ್ಲ. ಕಿಟಕಿಯಂತೂ ತಲೆಯಿಂದ ಬಹಳ ಮೇಲಿತ್ತು. ಬಲಗೈ ಚಾಚಿದಾಗ ನಲ್ಲಿಯ ಹಿಡಿಕೆ ಮಾತ್ರ ಸಿಕ್ಕಿತು. ಅದರ ಅಂಚು ಸರಿಯಾಗಿ ಅಂಗೈ ನಡುವೆ ಕೂತಿತು.

ಎತ್ತಿದಳು. ಒತ್ತಿದಳು. ದಢ್!

ಮತ್ತೆ ಎತ್ತಿ ಒತ್ತಿದಳು. ದಢ್!

ಪಾನಾ ಮಾಮನ ಮುಖದ ಬಣ್ಣ ಇಳಿಯಿತು. "ಮೇಡಂ, ಬೇಡಿ. ಸಾಕು ಮಾಡಿ."

"ಅವಳು ಕೂಗ್ತಾ ಇದ್ಲು ಮಾಮ."

ಅವನು ಪಾನಾವನ್ನು ಕೆಳಗಿಟ್ಟು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ. ಒರೆಸಿದ ಮೇಲೂ ಬಟ್ಟೆ ಮುಖದ ಮೇಲೆಯೇ ಇತ್ತು. "ಎರಡು ವಾರದ ಹಿಂದೇನೇ ಹೇಳಿದ್ಲು. ಬನ್ನಿ ಮಾಮ, ಈ ಪೈಪಿನ ಗಲಾಟೆಗೆ ಕೆಳಗಿನ ಮೇಷ್ಟ್ರು ನನ್ನ ಜೀವ ತಿಂತಿದ್ದಾರೆ ಅಂತ. ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ ಅಂತ ತಳ್ಳಿದೆ. ಕ್ಲಾಂಪು ಬಿಗಿ ಮಾಡಿ, ಪೈಪಿಗೂ ಗೋಡೆಗೂ ನಡುವೆ ನಾಲ್ಕು ರಬ್ಬರ್ ತುಂಡು ಸಿಕ್ಕಿಸೋದು. ಅರ್ಧ ದಿನದ ಕೆಲಸ."

"ನೀವು ಬಂದು ಸರಿ ಮಾಡಿದ್ರೆ ಅವಳಿಗೆ ಕೂಗೋಕೆ ಅದೂ ಇರ್ತಿರಲಿಲ್ಲ."

ಅದು ಸಮಾಧಾನದ ಮಾತೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಹೇಳಿದವಳಿಗೂ ತಿಳಿದಿರಲಿಲ್ಲ.

ನಲ್ಲಿ ಮತ್ತೆ ಎತ್ತಿದಾಗ ಭುಸ್ ಎಂದು ಗಾಳಿ ಬಂತು. ಒಂದು ಬೊಗಸೆ ನೀರು ಕೆಮ್ಮಿದಂತೆ ಹಾರಿತು. ನಿಂತಿತು. ಗುಳುಗುಳು ಎಂದು ಮತ್ತೆ ತೊಟ್ಟಿಕ್ಕತೊಡಗಿತು.

"ಇದೇನು?"

"ಅವತ್ತಿಂದ ಹೀಗೇ ಅಂತೆ. ಇದನ್ನ ನೋಡೋಕೇ ನಾನು ಬಂದಿದ್ದು." ಪಾನಾ ಮಾಮ ಮೆಟ್ಟಿಲು ಹತ್ತಿ ತಾರಸಿಗೆ ಹೋದ. ಹತ್ತು ನಿಮಿಷದಲ್ಲಿ ಇಳಿದು ಬಂದಾಗ ಅವನ ಬೆರಳುಗಳಿಗೆ ಕೆಂಪು ತುಕ್ಕು ಮೆತ್ತಿತ್ತು.

"ಟ್ಯಾಂಕಿನ ಬಾಯಲ್ಲಿ ಒಂದು ವಾಲ್ ಇದೆ ಮೇಡಂ, ಚಕ್ರ ತಿರುಗಿಸೋದು. ಪೂರ್ತಿ ತೆರೆಯೋಕೆ ಏಳು ಸುತ್ತು ಬೇಕು. ಈಗ ತೆರೆದಿರೋದು ಒಂದೂವರೆ. ಅದರ ಕೆಳಗಿರೋ ಒತ್ತಡದ ಪಂಪು ಎಳೆಯೋಷ್ಟು ನೀರು ಇಳೀತಿಲ್ಲ, ಅದಕ್ಕೇ ಗಾಳಿ ನುಗ್ಗಿದೆ. ವರ್ಷಗಟ್ಟಲೆ ಯಾರೂ ಮುಟ್ಟದ ಚಕ್ರ ಅದು. ಹೊಸದಾಗಿ ತುಕ್ಕು ಉದುರಿದೆ. ಯಾರೋ ಪೂರ್ತಿ ಮುಚ್ಚಿ, ಆಮೇಲೆ ಅವಸರದಲ್ಲಿ ಅಷ್ಟೇ ಅಷ್ಟು ತೆಗೆದಿದ್ದಾರೆ."

"ಆ ನೀರು ಯಾರ ಮನೆಗೆ ಹೋಗುತ್ತೆ?"

"ಎರಡಕ್ಕೂ. ಇಲ್ಲಿಗೆ ಒಂದು ಕವಲು, ಮಿಕ್ಕಿದ್ದು ಕೆಳಗಿಳಿಯುತ್ತೆ. ಇಲ್ಲೇ ಈ ಪಾಡಾದ್ರೆ ಕೆಳಗೆ ಇನ್ನೂ ಕಡೆ."

ಇನ್‌ಸ್ಪೆಕ್ಟರ್ ಮುಂದಿನ ಕೋಣೆಗೆ ಬಂದು ದೊಡ್ಡಕ್ಕನೆದುರು ಮಂಡಿಯೂರಿ ಕೂತಳು. ತುಟಿ ಓದಲು ಬೆಳಕು ಬೇಕೆಂದು ಕಿಟಕಿಯ ಕಡೆಗೆ ಮುಖ ಮಾಡಿ ನಿಧಾನವಾಗಿ ಕೇಳಿದಳು. "ದೊಡ್ಡಕ್ಕ, ನೀರು ಬರ್ತಿಲ್ಲ ಅಂತ ಕೆಳಗಿನ ಮೇಷ್ಟ್ರು ಏನಾದ್ರೂ ಹೇಳಿದ್ರಾ?"

"ಇಲ್ಲವಲ್ಲ." ಕೇಳಿಸದವರ ಗಟ್ಟಿ ದನಿ ಅವಳದು, ಏರಿಳಿತವಿಲ್ಲದ್ದು. "ನಮ್ಮ ಒಗೆದ ಬಟ್ಟೆಯಿಂದ ಒಂದು ಹನಿ ಬಿದ್ರೂ ಚೀಟಿ ಬರೆದು ಬಾಗಿಲಡಿ ತೂರಿಸೋರು. ಈ ಸಲ ಚೀಟಿ ಬಂದಿಲ್ಲ."

"ಅವತ್ತು ನೀವು ಎಲ್ಲಿ ಕೂತಿದ್ರಿ?"

"ಇಲ್ಲೇ. ಮಧ್ಯಾಹ್ನಕ್ಕೆ ಇಪ್ಪತ್ತು ಅಂಗಿ ಮುಗಿಸಿ ಕೊಡಬೇಕಿತ್ತು. ಅವಳು ಕತ್ತರಿಸಿ ಇಟ್ಟು, ತಲೆಗೆ ನೀರು ಹಾಕ್ಕೊಂಡು ಬರ್ತೀನಿ ಅಂತ ಸನ್ನೆ ಮಾಡಿ ಹೋದ್ಲು." ದೊಡ್ಡಕ್ಕನ ಕೈ ಯಂತ್ರದ ಮೇಲೆ ಸುಮ್ಮನೆ ಹರಿದಾಡಿತು. "ಕಿವಿ ಹೋದ್ರೂ ನೆಲ ಅದುರಿದ್ರೆ ನನ್ನ ಕಾಲಿಗೆ ಗೊತ್ತಾಗುತ್ತೆ ಮೇಡಂ. ಯಾರು ಬಂದ್ರು, ಯಾರು ಹೋದ್ರು, ಎಲ್ಲಾ. ಅವತ್ತು ಕಾಲು ಮೆಷಿನ್ ಮೇಲಿತ್ತು. ಮೆಷಿನ್ನೇ ಅದುರ್ತಿತ್ತು. ಯಾಕೆ ಕೇಳಿದ್ರಿ?"

ಇನ್‌ಸ್ಪೆಕ್ಟರ್ ಮುಖ ತಿರುಗಿಸಿ ಎದ್ದಳು. ತುಟಿ ಕಾಣದಿದ್ದರೆ ಉತ್ತರ ಕೊಡಬೇಕಿಲ್ಲ. ಅಂಥ ಉಪಾಯ ಮಾಡಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಕೆಳಗಿನ ಮನೆಯಲ್ಲಿದ್ದವರು ನಲವತ್ತು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿ ನಿವೃತ್ತರಾದ ಒಂಟಿ ಮನುಷ್ಯ. ದೊಡ್ಡವರ 'ಕರಡು ಮೇಷ್ಟ್ರ'ನ್ನು ಬೀದಿಯ ಮಕ್ಕಳು ಕೊಂಬು ತೆಗೆದು ಗುಡಿಸು ಹಾಕಿ 'ಕರಡಿ ಮೇಷ್ಟ್ರು' ಮಾಡಿದ್ದರು. ಅದನ್ನೂ ಅವರು 'ಅಕ್ಷರ ತಪ್ಪು' ಎಂದೇ ಆಕ್ಷೇಪಿಸುತ್ತಿದ್ದರಂತೆ.

ಬಾಗಿಲು ತೆರೆದೇ ಇತ್ತು. ಮೇಜು, ಕುರ್ಚಿ, ಕೆಂಪು ಪೆನ್ಸಿಲುಗಳ ಒಂದು ಲೋಟ. ಮೇಜಿನ ಹಿಂದಿನ ಗೋಡೆಗುಂಟ ಮೇಲಿನಿಂದ ಇಳಿದ ಪೈಪು. ನಾಲ್ಕು ದಿನದಲ್ಲಿ ಮೇಷ್ಟ್ರು ಅರ್ಧಕ್ಕೆ ಇಳಿದಂತಿದ್ದರು. ಗಡ್ಡ ಬೋಳಿಸಿರಲಿಲ್ಲ.

"ಒಂದು ಲೋಟ ನೀರು ಕೊಡ್ತೀರಾ ಮೇಷ್ಟ್ರೇ?"

ಅವರು ಕೊಡದ ಮುಚ್ಚಳ ತೆಗೆಯುವಷ್ಟರಲ್ಲಿ ಇನ್‌ಸ್ಪೆಕ್ಟರ್ ತಾನೇ ಅಡುಗೆಮನೆಯ ನಲ್ಲಿ ತಿರುಗಿಸಿದಳು. ದಾರದಷ್ಟು ಸಣ್ಣಗೆ ನೀರು ಇಳಿಯಿತು. ತುಂಡಾಯಿತು. ಮತ್ತೆ ಇಳಿಯಿತು.

"ನಾಲ್ಕು ದಿನದಿಂದ ಹೀಗೇ ಅಲ್ವಾ? ಚೀಟಿ ಬರೀಲಿಲ್ಲ?"

"ಸಾವಾದ ಮನೆಗೆ ಹೇಗೆ ಬರೀಲಿ?"

"ಅದೂ ಸರಿ." ಅವಳು ಬಂದು ಕುರ್ಚಿಯಲ್ಲಿ ಕೂತಳು. ಅವಳ ಬೆನ್ನು ಬಾಗಿಲಿಗಿತ್ತು. ಮೇಷ್ಟ್ರು ಎದುರಿಗೆ ಕೂತರು. "ಪೈಪಿನ ಸದ್ದಿಗೆ ನೀವು ಒಂದು ಪುಸ್ತಕ ಇಟ್ಟಿದ್ದೀರಂತೆ. ಬೀದಿಯವರೆಲ್ಲ ಅದನ್ನೇ ಹೇಳಿ ನಗ್ತಾರೆ. ಕೊಡಿ, ನೋಡೋಣ."

ಮೇಷ್ಟ್ರ ಕೈ ಮೇಜಿನ ಖಾನೆಯ ಕಡೆಗೆ ಹೋಗಿ ಅರ್ಧದಲ್ಲಿ ನಿಂತಿತು.

"ಹರಿದು ಹಾಕಿಲ್ಲ ತಾನೇ?"

"ಹರಿಯೋದಾ?" ಒಂದು ಕ್ಷಣ ಹಳೆಯ ಬಿಗಿ ದನಿ ಮರಳಿತು. "ಬರೆದದ್ದನ್ನ ನಾನು ಹರಿಯಲ್ಲ."

ಪುಸ್ತಕ ಕೈಗೆ ಬಂತು. ಮುತ್ತಿನಂಥ ಅಕ್ಷರ. ಎರಡು ತಿಂಗಳಿಂದ ದಿನಕ್ಕೆ ಮೂರೋ ನಾಲ್ಕೋ ಸಾಲು, ಗಂಟೆ ನಿಮಿಷ ಸಹಿತ. ಇನ್‌ಸ್ಪೆಕ್ಟರ್ ಹಾಳೆ ಮಗುಚುತ್ತ ಹೋದಳು. ನಾಲ್ಕು ದಿನದ ಹಿಂದಿನ ಪುಟಕ್ಕೆ ಬಂದಾಗ ಅವಳ ಬೆರಳು ತಾನಾಗಿ ನಿಂತಿತು.

ಆ ಪುಟ ಮೇಲಿಂದ ಕೆಳಗೆ ತುಂಬಿತ್ತು. ಹಾಳೆಯ ಹಿಂಬದಿಗೂ ಹರಿದಿತ್ತು.

ಹತ್ತು ಐವತ್ತು, ಸದ್ದು. ಹತ್ತು ಐವತ್ತೊಂದು, ಸದ್ದು. ಹತ್ತು ಐವತ್ತೊಂದು, ಮತ್ತೆ. ಹತ್ತು ಐವತ್ತಮೂರು. ನಡುವೆ ಎಂಟು ನಿಮಿಷ ಏನೂ ಇಲ್ಲ. ಆಮೇಲೆ ಒಂದೇ ನಿಮಿಷದಲ್ಲಿ ಮೂರು. ಹನ್ನೊಂದು ಇಪ್ಪತ್ತರ ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ, ಎರಡು ಗೆರೆ ಎಳೆದು: 'ಬೇಕೆಂದೇ ಮಾಡುತ್ತಿದ್ದಾರೆ.' ಕೊನೆಯ ಸಾಲು ಹನ್ನೊಂದು ಮೂವತ್ತೈದು.

ಅವಳು ಎಣಿಸಿದಳು. ನಲವತ್ತೊಂದು.

"ಹನ್ನೊಂದು ಮೂವತ್ತೈದರ ಮೇಲೆ ಏನೂ ಇಲ್ಲ."

"ನಿಂತುಹೋಯ್ತು."

"ತಾನಾಗೇ ನಿಂತುಹೋಯ್ತಾ ಮೇಷ್ಟ್ರೇ?"

ಅಡುಗೆಮನೆಯಲ್ಲಿ ನಲ್ಲಿ ಗುಳುಕ್ ಎಂದಿತು. ಮೇಷ್ಟ್ರು ಆ ಕಡೆ ನೋಡಿದರು.

"ಹಿಂದಿನ ಸಂಜೆ ಅವಳ ಜೊತೆ ಮೆಟ್ಟಿಲ ಹತ್ರ ಜಗಳ ಆಡಿದ್ದೆ," ಎಂದರು. "ಸ್ವಲ್ಪ ಹೆಚ್ಚೇ ಅಂದಿದ್ದೆ. ಅದಕ್ಕೇ ಹಟ ಸಾಧಿಸ್ತಿದ್ದಾಳೆ ಅಂದ್ಕೊಂಡೆ. ಪೊರಕೆ ಹಿಡಿಯಿಂದ ಸೂರಿಗೆ ಗುದ್ದಿದೆ. ಗುದ್ದಿದ ತಕ್ಷಣ ಮೇಲಿಂದ ಮೂರು ಸಲ ಹೊಡೀತು, ಜೋರಾಗಿ, ಒಂದರ ಹಿಂದೆ ಒಂದು. ಉತ್ತರ ಕೊಟ್ಟ ಹಾಗೆ. ನನಗೆ ಮೈ ಉರಿದುಹೋಯ್ತು."

ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿ ತೆರೆದಳು. ಸೂರಿಗೆ ಗುದ್ದಿದ ಸದ್ದು ಕೇಳಿ, ಯಾರಿಗೋ ಗೊತ್ತಾಯಿತು, ಯಾರೋ ಬರುತ್ತಾರೆ ಎಂದುಕೊಂಡಿರಬೇಕು ಚಿಕ್ಕಕ್ಕ.

"ಆಮೇಲೆ?"

"ತಾರಸಿಗೆ ಹೋದೆ. ಅವರ ಬಾಗಿಲ ಮುಂದೆನೇ ಹಾದು ಹೋಗಬೇಕು. ಬಡಿಯೋಣ ಅನ್ನಿಸ್ತು. ದೊಡ್ಡಕ್ಕನಿಗೆ ಕೇಳಿಸಲ್ಲ, ಇವಳು ಬಂದ್ರೆ ಮತ್ತೆ ಜಗಳ ಅಂತ ಸುಮ್ಮನೆ ಹತ್ತಿದೆ. ಚಕ್ರ ಬಿಗಿಯಾಗಿತ್ತು, ಎರಡೂ ಕೈಲಿ ತಿರುಗಿಸಿದೆ." ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. "ತಿರುಗಿಸ್ತಾ ಇದ್ದಾಗಲೂ ಪೈಪು ಹೊಡೀತಾನೇ ಇತ್ತು. ಅಲ್ಲಿ ಅದು ಕೈಗೇ ತಾಗುತ್ತೆ. ಸುತ್ತು ಸುತ್ತಿಗೂ ಸಣ್ಣ ಆಗ್ತಾ ಬಂತು. ಕೊನೆಗೆ ಬರೀ ಒಂದು ನಡುಕ. ಆಮೇಲೆ ಅದೂ ಇಲ್ಲ. ಗೆದ್ದೆ ಅಂದ್ಕೊಂಡು ಇಳಿದೆ ಮೇಡಂ."

"ಮತ್ತೆ ತೆರೆದಿದ್ದು ಯಾವಾಗ?"

"ಎರಡು ಗಂಟೆಗೆ. ಅಷ್ಟರಲ್ಲಿ ಮೇಲೆ ಜನ ಸೇರಿದ್ರು. ಬಚ್ಚಲಲ್ಲಿ, ನಲ್ಲಿ ಕೆಳಗೆ ಅಂತ ಯಾರೋ ಅಂದ್ರು. ಆ ಕ್ಷಣಕ್ಕೇ ತಿಳೀತು. ಓಡಿಹೋಗಿ ತಿರುಗಿಸಿದೆ. ಅವಸರದಲ್ಲಿ ಪೂರ್ತಿ ತೆಗೆಯೋಕಾಗಲಿಲ್ಲ." ಮೇಷ್ಟ್ರು ಅಂಗಿಯ ಕಾಲರನ್ನು ಮುಟ್ಟಿಕೊಂಡರು. ಸವೆದ ಕಾಲರನ್ನು ಬಿಚ್ಚಿ, ಮಗುಚಿ, ಮತ್ತೆ ಹೊಲಿದದ್ದು ಅದು. "ಇದು ಅವಳು ಹೊಲಿದದ್ದು. ಜಗಳ ಆಡ್ತಾನೇ ಹೊಲಿದು ಕೊಡೋಳು. ನಲವತ್ತು ವರ್ಷ ತಪ್ಪು ಹುಡುಕೋದೇ ನನ್ನ ಕೆಲಸ ಆಗಿತ್ತು. ಕಣ್ಣಿಗೆ ಬಿದ್ದ ಒಂದಕ್ಷರ ಬಿಟ್ಟವನಲ್ಲ. ನಲವತ್ತೊಂದು ಸಲ ಹೇಳಿದ್ದನ್ನ ನಲವತ್ತೊಂದು ಸಲ ತಪ್ಪು ಓದಿದೆ."

ಅವರು ತಲೆಯೆತ್ತಿದರು. "ಒಂದೇ ಒಂದು ಹೇಳಿ ಮೇಡಂ. ಆಗ ನಾನು ಬಾಗಿಲು ಬಡಿದಿದ್ರೆ? ಉಳೀತಿದ್ಲಾ?"

ವೈದ್ಯರ ವರದಿ ಇನ್‌ಸ್ಪೆಕ್ಟರ್ ಚೀಲದಲ್ಲೇ ಇತ್ತು. ತಲೆಯೊಳಗೆ ರಕ್ತ ನಿಧಾನವಾಗಿ ಕೂಡಿಕೊಂಡಿದೆ, ಬಿದ್ದ ಮೇಲೆ ಒಂದೂವರೆ ಗಂಟೆಯಾದರೂ ಜೀವ ಇತ್ತು, ಸಕಾಲಕ್ಕೆ ಆಸ್ಪತ್ರೆಗೆ ತಂದಿದ್ದರೆ... ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು.

"ಹೇಳೋಕಾಗಲ್ಲ ಮೇಷ್ಟ್ರೇ," ಎಂದಳು. "ವೈದ್ಯರಿಗೂ ಗೊತ್ತಿಲ್ಲ."

ಅವರು ನಂಬಲಿಲ್ಲ. ಆದರೆ ಅವರು ಈಗ ಅವಳನ್ನು ನೋಡುತ್ತಿರಲಿಲ್ಲ. ಅವಳ ಹೆಗಲಾಚೆ, ಬಾಗಿಲ ಕಡೆಗೆ ನೋಡುತ್ತಿದ್ದರು. ನೋಡುತ್ತ ನೋಡುತ್ತ ಎದ್ದು ನಿಂತರು.

ಹೊಸ್ತಿಲಲ್ಲಿ ದೊಡ್ಡಕ್ಕ ನಿಂತಿದ್ದಳು. ಅವಳ ಹಿಂದೆ ಪಾನಾ ಮಾಮ. ತಡೆಯಲಾಗಲಿಲ್ಲ ಎನ್ನುವಂತೆ ಅವನು ತಲೆಯಾಡಿಸಿದ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮೇಷ್ಟ್ರ ಮುಖಕ್ಕೆ ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತಿತ್ತು.

ದೊಡ್ಡಕ್ಕ ಒಳಗೆ ಬಂದು ಪುಸ್ತಕ ತೆಗೆದುಕೊಂಡಳು. ಒಂದೊಂದು ಸಾಲಿನ ಮೇಲೂ ಬೆರಳಿಡುತ್ತ ಕೊನೆಯವರೆಗೂ ಹೋದಳು. ಯಾರೂ ಅವಸರ ಮಾಡಲಿಲ್ಲ.

"ಇಷ್ಟು ಸಲ ಕರೆದ್ಲಾ?"

"ದೊಡ್ಡಕ್ಕ, ನಾನು..." ಮೇಷ್ಟ್ರು ಮೇಜು ಹಿಡಿದುಕೊಂಡೇ ಬಗ್ಗಿದರು. ಮಂಡಿ ಊರುವಷ್ಟರಲ್ಲಿ ಅವಳು ಅವರ ತೋಳು ಹಿಡಿದಳು.

"ಏಳಿ. ನೀವು ಕೇಳಿಸ್ಕೊಂಡಾದ್ರೂ ಬೈದ್ರಿ. ನನಗೆ ಅದೂ ಆಗಲಿಲ್ಲ. ಹದಿನೈದು ಹೆಜ್ಜೆ ದೂರದಲ್ಲಿ ಕೂತು ಅಂಗಿ ಹೊಲೀತಾ ಇದ್ದೆ." ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. "ಬಿದ್ದ ತಕ್ಷಣ ಹೋದ್ಲು, ಅವಳಿಗೇ ಗೊತ್ತಾಗಿರಲ್ಲ ಅಂತ ನಾಲ್ಕು ದಿನದಿಂದ ನನಗೆ ನಾನೇ ಹೇಳ್ಕೊಂಡಿದ್ದೆ."

ಅವಳು ಇನ್‌ಸ್ಪೆಕ್ಟರ್ ಕಡೆಗೆ ತಿರುಗಿದಳು.

"ನನ್ನ ಹೇಳಿಕೆ ತಿದ್ದಬೇಕು ಮೇಡಂ."

"ಯಾವುದನ್ನ?"

"ಬಚ್ಚಲ ಬಾಗಿಲು ಬರೀ ಮುಂದಕ್ಕೆ ಮಾಡಿತ್ತು ಅಂದಿದ್ದೆ. ಸುಳ್ಳು. ಹೊರಗಿಂದ ಚಿಲಕ ಹಾಕಿತ್ತು."

ಪಾನಾ ಮಾಮ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ನೀವೇ ಕೈತಪ್ಪಿ..." ಎಂದಳು ಇನ್‌ಸ್ಪೆಕ್ಟರ್.

"ಈ ಕೈನ ಎಷ್ಟು ಸಲ ಕೇಳಿದ್ದೀನಿ ಗೊತ್ತಾ? ನೀನೇನಾ ಹಾಕಿದ್ದು ಅಂತ. ಅಲ್ಲ. ಆ ಚಿಲಕ ನಾವು ಮುಟ್ಟೋದೇ ಇಲ್ಲ, ಅಷ್ಟು ಬಿಗಿ. ಅವತ್ತು ತೆಗೆಯೋಕೆ ಕತ್ತರಿಯಿಂದ ಬಡೀಬೇಕಾಯ್ತು. ಮನೇಲಿದ್ದಿದ್ದು ಇಬ್ಬರು, ಒಬ್ಬಳು ಒಳಗೆ. ಚಿಲಕ ಹಾಕಿತ್ತು ಅಂದ್ರೆ ನೀವು ಯಾರನ್ನ ಹಿಡೀತಿದ್ರಿ? ಹೆದರಿದೆ. ಸುಳ್ಳು ಹೇಳಿದೆ. ಅವಳು ಅಷ್ಟು ಸಲ ಕರೆದಿದ್ದಾಳೆ ಅಂತ ಗೊತ್ತಾದ ಮೇಲೂ ನಾನು ಬಾಯಿ ಮುಚ್ಕೊಂಡಿದ್ರೆ ಮನುಷ್ಯಳಾ?"

"ಹಾಗಾದ್ರೆ ಯಾರೋ ಬಂದಿದ್ದಾರೆ. ನೀವು ಬೆನ್ನು ಹಾಕಿ ಕೂತಿದ್ರಿ. ಬಂದು, ಚಿಲಕ ಹಾಕಿ, ಹೊರಟು ಹೋಗಿದ್ದಾರೆ."

ದೊಡ್ಡಕ್ಕ ಅವಳ ತುಟಿಗಳನ್ನು ಕೊನೆಯವರೆಗೂ ನೋಡಿ, ಇಲ್ಲವೆಂದು ತಲೆಯಾಡಿಸಿದಳು.

"ಹೋಗಿಲ್ಲ. ಒಂದು ಗಂಟೆಗೆ ಅವಳನ್ನ ಕಂಡು ಜನರನ್ನ ಕರೆಯೋಕೆ ಓಡಿದೆ ನೋಡಿ, ಆಗ ಮುಂಬಾಗಿಲ ಅಗಳಿ ಒಳಗಿಂದ ಹಾಕಿತ್ತು. ನಾನೇ ತೆಗೆದೆ. ನಮ್ಮ ಮನೆಗೆ ಇರೋದು ಒಂದೇ ಬಾಗಿಲು."

ಇನ್‌ಸ್ಪೆಕ್ಟರಿಗೆ ಈಗ ಅರ್ಥವಾಯಿತು. ದೊಡ್ಡಕ್ಕ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗುತ್ತಿದ್ದಾಗ, ಅದೇ ಮನೆಯಲ್ಲಿ ಇನ್ನೊಬ್ಬರು ಇದ್ದರು.

"ಮೆಟ್ಟಿಲ ಹತ್ರ ನಿಂತು ಕೂಗಿದೆ," ಎಂದಳು ದೊಡ್ಡಕ್ಕ. ಈಗ ಅವಳ ದನಿ ಮೊದಲ ಸಲ ಇಳಿದಿತ್ತು. ಅದು ಇಳಿದದ್ದು ಅವಳಿಗೆ ತಿಳಿದಿರಲಿಲ್ಲ. "ಇನ್ನೂ ಯಾರೂ ಮೆಟ್ಟಿಲು ಹತ್ತಿ ಬಂದಿರಲಿಲ್ಲ. ಆಗಲೇ ಹಿಂದಿನಿಂದ ಹೆಗಲ ಮೇಲೆ ಒಂದು ಕೈ ಬಿತ್ತು. ನನ್ನನ್ನ ತಬ್ಬಿಕೊಂಡು ಸಮಾಧಾನ ಮಾಡಿದ್ರು. ಆ ಗಾಬರೀಲಿ ನಾನು ಯೋಚನೆ ಮಾಡಲಿಲ್ಲ. ಈಗ, ಇಲ್ಲಿ ನಿಂತಾಗ ಹೊಳೀತಿದೆ. ಹಿಂದೆ ಇದ್ದಿದ್ದು ಬರೀ ನಮ್ಮ ಮನೆ."

"ಯಾರ ಕೈ ದೊಡ್ಡಕ್ಕ?"

"ಅವತ್ತಿಂದ ದಿನಾ ಬಂದು, ಪಕ್ಕದಲ್ಲಿ ಕೂತು, ನನಗೆ ಎರಡು ತುತ್ತು ತಿನ್ನಿಸಿ ಹೋಗ್ತಾರಲ್ಲ, ಅವರದ್ದು. ಈಗ ಬರೋ ಹೊತ್ತಾಯ್ತು."

ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಯಾರೋ ಗಡಿಬಿಡಿಯಿಲ್ಲದೆ, ರೂಢಿಯ ಕಾಲಿನಲ್ಲಿ, ಮೇಲಿನ ಮನೆಗೆ ಹತ್ತುತ್ತಿದ್ದರು.

ಕೋಣೆಯಲ್ಲಿದ್ದ ಮೂವರು ಒಟ್ಟಿಗೆ ತಲೆಯೆತ್ತಿದರು. ದೊಡ್ಡಕ್ಕ ಮಾತ್ರ ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತ, ಏನಾಯಿತು ಎಂದು ಕೇಳುತ್ತಿದ್ದಳು.